ಗಡಿಯಾಚೆಯ ಹಳೆಯ ಸಿಟಿ ಕಾರು: ಕೊಳ್ಳುವ ಮುನ್ನ

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಭಾಗದ ನಮ್ಮ ಪೋಷಕರು ಹಳೆಯ ಕಾರಿಗಾಗಿ ಬೆಂಗಳೂರಿನತ್ತ ನೋಡುವುದು ಸಹಜ. ಅಲ್ಲಿ ಕಣ್ಣಿಗೆ ಬೀಳುವ ಕುಟುಂಬದ ಕಾರುಗಳಲ್ಲಿ ಹೋಂಡಾ ಸಿಟಿಯೂ ಒಂದು. ಆದರೆ ಎಲ್ಲ ಸಿಟಿಗಳೂ ಒಂದೇ ಅಲ್ಲ.

ಭಾರತಕ್ಕೆ 1998ರಲ್ಲಿ ಬಂದ ಈ ಕಾರಿನ ಹೊಸ ತಲೆಮಾರುಗಳು 2003, 2008, 2014 ಮತ್ತು 2020ರಲ್ಲಿ ಬಂದವು. ಮೊದಲೆರಡನ್ನು ಬೆಲೆ ಅಗ್ಗವೆಂದು ಕೊಳ್ಳುವುದು ಜಾಣತನವಲ್ಲ; ನೋಂದಣಿಯ 15 ವರ್ಷಗಳ ಅವಧಿ ಮುಗಿದಿರುತ್ತದೆ. 2008ರ ತಲೆಮಾರಿನ ಅನೇಕ ಕಾರುಗಳನ್ನು ಏರ್‌ಬ್ಯಾಗ್ ದೋಷದ ನಿಮಿತ್ತ ಕಂಪನಿಯೇ ಹಿಂದಕ್ಕೆ ಕರೆಸಿತ್ತು. ಚಾಸಿಸ್ ಸಂಖ್ಯೆ ನೀಡಿ, ದುರಸ್ತಿಯಾಗಿದೆಯೇ ಎಂದು ವಿಚಾರಿಸಬೇಕು. 2014ರಲ್ಲಿ ಡೀಸೆಲ್ ಎಂಜಿನ್ ಮೊದಲ ಬಾರಿಗೆ ದೊರೆಯಿತು. ಶಾಲೆಯವರೆಗಿನ ಅಲ್ಪ ಓಡಾಟಕ್ಕೆ ಪೆಟ್ರೋಲೇ ಸಾಕು. 2020ರದು ಭಾರತ್ ಹಂತ 6ರ ಕಾರು. ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು.

ನಿಜವಾದ ತೊಡಕು ಕಾಗದಪತ್ರಗಳಲ್ಲಿದೆ. ಕರ್ನಾಟಕದ ನೋಂದಣಿಯ ಕಾರನ್ನು ತಮಿಳುನಾಡಿನಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಇಲ್ಲಿನ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಸಾರಿಗೆ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಅಗತ್ಯ.

ಆದ್ದರಿಂದ ಬೆಲೆಯೊಡನೆ ತೆರಿಗೆ, ವಿಮೆ, ಟಯರುಗಳ ವೆಚ್ಚವನ್ನೂ ಕೂಡಿಸಿ ನೋಡಿರಿ. ನಿರಾಕ್ಷೇಪಣಾ ಪತ್ರ ಕೈಸೇರುವವರೆಗೆ ಪೂರ್ಣ ಹಣ ಕೊಡದಿರಿ. ಉಳಿತಾಯವೆಂದು ತಂದ ಕಾರು ಮಕ್ಕಳ ಓದಿಗೆ ತೆಗೆದಿಟ್ಟ ಹಣವನ್ನು ನುಂಗಬಾರದೆಂಬುದೇ ನಮ್ಮ ಕಾಳಜಿ.