ಬರೀ ಎಲೆ-ಅಡಿಕೆ ತಾನೇ?

ಅರಳಸುರಳಿ ಕಡೆ ಅಡಿಕೆ ಸುಲಿತ ಶುರುವಾಯಿತೆಂದರೆ ಹೆಂಗಸರ ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಮೆಟ್ಟುಗತ್ತಿಯ ಪಕ್ಕದಲ್ಲೇ ಕವಳದ ತಟ್ಟೆ! "ನಾನೇನು ಹೊಗೆಸೊಪ್ಪು ಮುಟ್ಟೋಳಲ್ಲ, ಬರೀ ಎಲೆ-ಅಡಿಕೆ ಕಣೇ" ಎಂಬ ಸಮಾಧಾನ ಬೇರೆ.

ಆ ಸಮಾಧಾನ ಸಾಲದು. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3,90,000 ಬಾಯಿ ಕ್ಯಾನ್ಸರ್‌ಗಳಲ್ಲಿ 1,20,000ಕ್ಕೆ ಹೊಗೆಸೊಪ್ಪು, ಅಡಿಕೆ ಜಗಿಯುವುದೇ ಕಾರಣವೆಂದು ಅದರದೇ ಲೆಕ್ಕ. ಅಡಿಕೆಯಿಂದಲೇ ಉಣ್ಣುವ ನಾಡಿಗೆ ಇದು ಕಹಿಮಾತೇ ಸರಿ. ಆದರೂ ಕೇಳಬೇಕು.

ಬಾಯಿ ಮೊದಲೇ ಸೂಚನೆ ಕೊಡುತ್ತದೆ. ಸಾರಿನ ಖಾರಕ್ಕೆ ಸಹಿಸಲಾಗದ ಉರಿ, ಕೆನ್ನೆಯೊಳಗೆ ಬಿಳಿಚಿಕೊಂಡ ಗಟ್ಟಿ ಪಟ್ಟೆ, ಬರಬರುತ್ತಾ ಬಾಯಿ ಅಗಲಿಸಲು ಕಷ್ಟ. ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳು ಜೋಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಿಲ್ಲಿಸಿ ನೋಡಿ. ಹಿಡಿಯದಿದ್ದರೆ, ಇಲ್ಲವೇ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ತೀರ್ಥಹಳ್ಳಿಗೆ ಹೋದಾಗ ದಂತವೈದ್ಯರಿಗೆ ತೋರಿಸಿ. ಗಡುಸಾದ ಕೆನ್ನೆ ಪೂರ್ತಿ ಮೊದಲಿನಂತಾಗುವುದು ಕಷ್ಟ, ಹಾಗಾಗಿ ತಡಮಾಡಬೇಡಿ.

ಬಾಯಾಡಿಸಲು ಏಲಕ್ಕಿಯೋ, ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿ ಹೋಳೋ ಸಾಕು. ಮನೆಯ ಹಿರಿಯರು ಕವಳ ಬಿಡೊಲ್ಲ ಅಂದರೆ, ಅದನ್ನು ದವಡೆಗಿಟ್ಟುಕೊಂಡು ಮಲಗುವುದನ್ನಾದರೂ ಮೊದಲು ಬಿಡಿಸಿ.