ತೂಕ ಇಲ್ಲದಾಗ ಮೆದುಳು ಏನು ಮಾಡುತ್ತದೆ?

ಬಾಹ್ಯಾಕಾಶದಿಂದ ಮರಳಿದ ಮೇಲೆ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಒಂದು ಸಂಗತಿ ಹೇಳಿಕೊಂಡಿದ್ದರು. ಹಾಸಿಗೆಯ ಮೇಲೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದವರು, ಕೆಲಸ ಮುಗಿಯಿತೆಂದು ಅದನ್ನು ಮುಚ್ಚಿ ಪಕ್ಕದಲ್ಲಿ ಗಾಳಿಗೆ ಬಿಟ್ಟರು. ತೇಲುತ್ತದೆ ಅಂದುಕೊಂಡಿದ್ದರು, ಅದು ನೆಲಕ್ಕೆ ಬಿತ್ತು. ಕೈಗೆತ್ತಿಕೊಂಡ ಮೊಬೈಲೂ ಭಾರ ಅನ್ನಿಸಿತಂತೆ. 2025ರ ಜೂನ್ 25ರಂದು ಹೊರಟ ಅವರು ಜುಲೈ 15ರಂದು ಇಳಿದರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದದ್ದು 18 ದಿನ. ಮಗುವಾಗಿದ್ದಾಗಿನಿಂದ ಕಲಿತ ‘ಬಿಟ್ಟರೆ ಬೀಳುತ್ತದೆ’ ಎಂಬ ಪಾಠವನ್ನು ಬದಿಗಿಟ್ಟು ಹೊಸದೊಂದನ್ನು ರೂಢಿ ಮಾಡಿಕೊಳ್ಳಲು ಮೆದುಳಿಗೆ ಅಷ್ಟು ದಿನ ಸಾಕಾಯಿತು. ತೂಕವಿಲ್ಲದ ಸ್ಥಿತಿ ಬುದ್ಧಿಯನ್ನು ಮಂಕು ಮಾಡುತ್ತದೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಅಲ್ಲಿ ಮೆದುಳು ಬಿಡುವಿಲ್ಲದೆ ಕಲಿಯುತ್ತಿರುತ್ತದೆ ಎನ್ನುವುದೇ ಹೆಚ್ಚು ಸರಿ. ಆ ಕಲಿಕೆಗೆ ತೆರಬೇಕಾದ ಬೆಲೆಯೇ ಮಂಕುತನವಾಗಿ ಕಾಣುತ್ತದೆ.

ನಿಲ್ದಾಣ ಹಾರುವ 400 ಕಿ.ಮೀ. ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿರುವುದರ ಸುಮಾರು ಶೇ. 90ರಷ್ಟು ಇರುತ್ತದೆ. ನಿಲ್ದಾಣ, ಒಳಗಿನ ಮನುಷ್ಯ, ಅವನ ಕೈಯ ಚಮಚ ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಯಾವುದೂ ಯಾವುದರ ಮೇಲೂ ಒತ್ತುವುದಿಲ್ಲ. ಮೆದುಳಿಗೆ ಬೇಕಾದದ್ದು ಈ ಒತ್ತು. ಅದನ್ನು ಅಳೆಯಲು ನಮ್ಮ ಒಳಕಿವಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ. ಅಂಟಿನಂಥ ಪದರದ ಮೇಲೆ ಕೂತಿರುವ ಈ ಹರಳುಗಳು ಕ್ಯಾಲ್ಸಿಯಂ ಕಾರ್ಬೋನೇಟಿನವು. ಕುಮಟಾ ಬಳಿ ಅಘನಾಶಿನಿಯ ಅಳಿವೆಯಲ್ಲಿ ಹೆಕ್ಕುವ ಬಳಚಿನ ಚಿಪ್ಪಿನದೂ ಇದೇ ದ್ರವ್ಯ. ತಲೆ ಬಾಗಿಸಿದರೆ ಹರಳು ಜಾರುತ್ತದೆ, ಅಡಿಯ ರೋಮದಂಥ ಕೋಶಗಳು ಬಾಗುತ್ತವೆ, ಯಾವುದು ಮೇಲೆ ಯಾವುದು ಕೆಳಗೆ ಎಂಬ ಸುದ್ದಿ ಮೆದುಳಿಗೆ ಹೋಗುತ್ತದೆ.

ಕಣ್ಣಿನ ಸುದ್ದಿಗೂ ಕಿವಿಯ ಸುದ್ದಿಗೂ ತಾಳೆಯಾಗದಿದ್ದರೆ ಏನಾಗುತ್ತದೆಂದು ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕೂತವರಿಗೆ ಗೊತ್ತು. ಕಣ್ಣು ಕೈಯ ಮೊಬೈಲಿನ ಮೇಲೆ, ಕಿವಿಗೆ ಮಾತ್ರ ಒಂದಾದ ಮೇಲೊಂದು ತಿರುವು. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸುತ್ತದೆ. ಮೊದಲ ಸಲ ಬೋಟು ಹತ್ತಿದವರ ಪಾಡೂ ಇದೇ. ಬೋಟಿನಿಂದ ಇಳಿದ ಮೇಲೂ ಕೆಲವರಿಗೆ ಬಂದರಿನ ನೆಲ ಓಲಾಡಿದಂತೆ ಆಗುವುದುಂಟು. ಅಲೆಗೆ ಹೊಂದಿಕೊಂಡಿದ್ದ ಮೆದುಳು ಹಳೆಯ ಲೆಕ್ಕಕ್ಕೆ ಮರಳಲು ಹೊತ್ತು ತೆಗೆದುಕೊಳ್ಳುತ್ತದೆ. ಕಕ್ಷೆಯಲ್ಲಿ ಹರಳುಗಳಿಗೆ ಒತ್ತೇ ಇಲ್ಲ, ಹಾಗಾಗಿ ತಲೆ ಬಾಗಿಸಿದ ಸುದ್ದಿಯೂ ಬಾರದು. ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಎರಡು ಮೂರು ದಿನ ವಾಕರಿಕೆ, ಜಡತನ, ದಿಕ್ಕುಗೆಟ್ಟ ಭಾವದಲ್ಲಿ ಇರುತ್ತಾರೆ. ಶುಕ್ಲಾ ಕೂಡ ಮೊದಲಿಗೆ ಮೈ ಸರಿಯಿರಲಿಲ್ಲ, ತುಂಬ ನಿದ್ದೆ ಮಾಡಿದೆ, ನಡೆಯುವುದನ್ನು ತಿನ್ನುವುದನ್ನು ಮಗುವಿನಂತೆ ಕಲಿಯುತ್ತಿದ್ದೇನೆ ಎಂದು ನಿಲ್ದಾಣ ತಲುಪುವ ಮೊದಲೇ ತಿಳಿಸಿದ್ದರು.

ಹಾಗಾದರೆ ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವವರಿಗೆ ಆಗುವ ಅನುಭವ ಇದೇ ಏನು? ಅರ್ಧ ಹೌದು. ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯ ಕಡೆ ತಳ್ಳುತ್ತದೆ. ದೇಹದಲ್ಲಿ ನೀರು ಹೆಚ್ಚಾಯಿತೆಂದು ತಿಳಿದು ಮೂತ್ರಪಿಂಡಗಳು ಚುರುಕಾಗುತ್ತವೆ, ನೀರಿನಲ್ಲಿದ್ದವರಿಗೆ ಪದೇ ಪದೇ ಮೂತ್ರಕ್ಕೆ ಅವಸರವಾಗುವುದು ಅದಕ್ಕೇ. ಕಕ್ಷೆಯಲ್ಲೂ ರಕ್ತ ಮೇಲೇರುತ್ತದೆ. ಮುಖ ಊದುತ್ತದೆ, ಕಾಲು ಸಣಕಲಾಗುತ್ತದೆ. ಆದರೆ ನೀರಿನಲ್ಲಿ ತೇಲುವುದು ಮೈ ಮಾತ್ರ, ಕಿವಿಯ ಹರಳು ಎಂದಿನಂತೆ ಕೆಳಕ್ಕೇ ಒತ್ತುತ್ತಿರುತ್ತದೆ. ಬಾಹ್ಯಾಕಾಶ ನಡಿಗೆಯ ಕೆಲಸವನ್ನು ಆಳದ ಕೊಳದಲ್ಲಿ ಅಭ್ಯಾಸ ಮಾಡಿಸಬಹುದು, ಒಳಕಿವಿಯನ್ನು ಅಲ್ಲಿ ಪಳಗಿಸಲಾಗದು.

ಮೆದುಳಿನಲ್ಲಿ ಗುರುತ್ವದ ಲೆಕ್ಕ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಬೇಕಾದರೆ ಹೊನ್ನಾವರದ ಕಡೆ ಅಡಿಕೆ ಕೊಯ್ಲಿನ ತೋಟಕ್ಕೆ ಹೋಗಬೇಕು. ಮರ ಹತ್ತಿ ಕೊಯ್ಯುವ ಕೊನೆಗೌಡ ಮೇಲಿನಿಂದ ಹಗ್ಗದಗುಂಟ ಇಳಿಬಿಟ್ಟ ಕೊನೆ ಜಾರುತ್ತ ಬರುತ್ತದೆ. ಕೆಳಗಿರುವವನ ತೋಳು ಅದು ತಾಗುವ ಮೊದಲೇ ಬಿಗಿಯಾಗಿರುತ್ತದೆ, ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಕಣ್ಣು ನೋಡಿ ಹೇಳಿದ ಮೇಲೆ ಕೈ ಸಿದ್ಧವಾಗುವುದಾದರೆ ತಡವಾಗುತ್ತಿತ್ತು. ಬರುವ ವಸ್ತು ಇಳಿದಂತೆ ವೇಗ ಪಡೆಯುತ್ತದೆ ಎಂಬ ಲೆಕ್ಕ ಒಳಗೇ ಇರುವುದರಿಂದ ಕ್ಷಣ ತಪ್ಪುವುದಿಲ್ಲ. 1998ರಲ್ಲಿ ನಾಸಾದ ‘ನ್ಯೂರೋಲ್ಯಾಬ್’ ಯಾನದಲ್ಲಿ ಇದನ್ನೇ ಪರೀಕ್ಷಿಸಿದರು. ತಲೆಯ ಮೇಲಿನಿಂದ ಸ್ಪ್ರಿಂಗಿನಿಂದ ಚಿಮ್ಮಿದ ಚೆಂಡು ಅಲ್ಲಿ ವೇಗ ಹೆಚ್ಚಿಸಿಕೊಳ್ಳದೆ ಒಂದೇ ಸಮನೆ ಬರುತ್ತದೆ. ಗಗನಯಾತ್ರಿಗಳ ಕೈ ಬೇಗನೇ ಬಿಗಿಯಾಯಿತು, ಭೂಮಿಯ ಮೇಲೆ ಬೀಳುವ ಚೆಂಡನ್ನು ನಿರೀಕ್ಷಿಸಿದಂತೆ. ದಿನ ಕಳೆದಂತೆ ಹೊಂದಾಣಿಕೆ ಕಂಡರೂ ಹದಿನೈದು ದಿನದ ಮೇಲೂ ಆ ಅವಸರ ಪೂರ್ತಿ ಹೋಗಿರಲಿಲ್ಲ. ಈ ಪ್ರಯೋಗ ನನಗೆ ಬಹಳ ಇಷ್ಟ. ಹಳೆಯ ಪಾಠ ಅಳಿಯದೆ, ಹೊಸದು ಅದರ ಪಕ್ಕದಲ್ಲಿ ಬೆಳೆಯುವುದನ್ನು ಅದು ಒಂದು ಚೆಂಡಿನಲ್ಲಿ ತೋರಿಸಿಕೊಟ್ಟಿತು.

ಅದೇ ಯಾನದಲ್ಲಿ ಇಲಿಗಳ ಹಿಪೊಕ್ಯಾಂಪಸನ್ನೂ ಪರೀಕ್ಷಿಸಿದರು. ಜಾಗದ ನೆನಪಿಗೆ, ಹೊಸ ಸಂಗತಿ ದಾಖಲಾಗುವುದಕ್ಕೆ ಮೆದುಳಿನ ಈ ಭಾಗ ಬೇಕೇ ಬೇಕು. ಮೂರೂ ದಿಕ್ಕಿಗೆ ತಿರುಗುವ ದಾರಿಯಲ್ಲಿ ನಡೆದಾಗ, ಮೊದಮೊದಲು ಕೆಲವು ಇಲಿಗಳಲ್ಲಿ ‘ಇದು ಇಂಥ ಜಾಗ’ ಎಂದು ಗುರುತಿಸುವ ಕೋಶಗಳ ನಕ್ಷೆ ಕಲಸಿಹೋಗಿತ್ತು. ಒಂಬತ್ತನೆಯ ದಿನದ ಹೊತ್ತಿಗೆ ಅದು ಸರಿಹೋಯಿತು.

ಇನ್ನು ಮನುಷ್ಯರ ನೆನಪು. ನಿಲ್ದಾಣದಲ್ಲಿ ಸುಮಾರು ಆರು ತಿಂಗಳು ಇದ್ದ 25 ಗಗನಯಾತ್ರಿಗಳ ಪರೀಕ್ಷಾ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಲೆಕ್ಕಿಸುವ ವೇಗ, ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಡುವ ನೆನಪು, ಎಡೆಬಿಡದ ಗಮನ ಇವುಗಳಲ್ಲಿ ನಿಧಾನ ಕಂಡಿತು. ಉತ್ತರ ತಡವಾಗಿ ಬರುತ್ತಿತ್ತು, ಆದರೆ ಮೆದುಳಿಗೆ ಶಾಶ್ವತ ಹಾನಿಯ ಲಕ್ಷಣ ಇರಲಿಲ್ಲ. 340 ದಿನ ಇದ್ದು 2016ರಲ್ಲಿ ಮರಳಿದ ಸ್ಕಾಟ್ ಕೆಲ್ಲಿ ಅವರಲ್ಲಿ ಮಾತ್ರ ವೇಗ, ನಿಖರತೆ ಎರಡೂ ತಗ್ಗಿದ್ದು ಭೂಮಿಗೆ ಬಂದ ಮೇಲೆ, ಅದೂ ಸುಮಾರು ಆರು ತಿಂಗಳು. ಒಬ್ಬರಿಂದ ಎಲ್ಲರ ಮಾತು ಆಡುವಂತಿಲ್ಲ. ಅವಳಿ ಸಹೋದರ ಮಾರ್ಕ್ ಅವರು ಭೂಮಿಯಲ್ಲೇ ಇದ್ದುದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು.

ಮೆದುಳು ಕೂತ ಜಾಗವೂ ಬದಲಾಗುತ್ತದೆ. ದೀರ್ಘ ಯಾನದ ಮೇಲೆ ಮೆದುಳು ತಲೆಬುರುಡೆಯೊಳಗೆ ಸ್ವಲ್ಪ ಮೇಲಕ್ಕೆ ಸರಿದಿರುವುದನ್ನು 2017ರಲ್ಲಿ ಎಂಆರ್‌ಐ ಚಿತ್ರಗಳು ತೋರಿಸಿದವು. ನಡುವಿನ ದ್ರವದ ಕೋಣೆಗಳು ಹಿಗ್ಗುತ್ತವೆ. 30 ಗಗನಯಾತ್ರಿಗಳ ಚಿತ್ರ ನೋಡಿದ 2023ರ ಅಧ್ಯಯನದ ಪ್ರಕಾರ, ಅವು ಚೇತರಿಸಿಕೊಳ್ಳಲು ಎರಡು ಯಾನಗಳ ನಡುವೆ ಮೂರು ವರ್ಷವಾದರೂ ಬೇಕು. ಇಂಥ ಬದಲಾವಣೆಗಳನ್ನು ನೆಲದ ಮೇಲೆ ಅಭ್ಯಸಿಸಲು ಆರೋಗ್ಯವಂತರನ್ನು ವಾರಗಟ್ಟಲೆ ತಲೆಯ ಭಾಗ ಆರು ಡಿಗ್ರಿ ತಗ್ಗಿಸಿದ ಮಂಚದ ಮೇಲೆ ಮಲಗಿಸುತ್ತಾರೆ. ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದ ಅಜ್ಜಿ ಎದ್ದು ನಿಂತಾಗ ಕಣ್ಣು ಕತ್ತಲಿಡುವುದು ಯಾಕೆಂಬುದಕ್ಕೂ ಈ ಅಧ್ಯಯನಗಳಲ್ಲಿ ಉತ್ತರ ಇದೆ. ಅಂಥವರನ್ನು ಒಮ್ಮೆಲೇ ನಿಲ್ಲಿಸದೆ, ಮೊದಲು ಕೂರಿಸಿ, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಬಿಡುವುದು ಒಳ್ಳೆಯದು.

ಎಲ್ಲ ತಪ್ಪನ್ನೂ ತೂಕವಿಲ್ಲದಿರುವುದರ ತಲೆಗೆ ಕಟ್ಟುವಂತಿಲ್ಲ. ನಿಲ್ದಾಣದಲ್ಲಿ ದಿನಕ್ಕೆ ಹದಿನಾರು ಸೂರ್ಯೋದಯ. ನಿದ್ದೆ ಕಡಿಮೆ, ಯಂತ್ರದ ಸದ್ದು ನಿರಂತರ, ಇಂಗಾಲದ ಡೈಆಕ್ಸೈಡ್ ನೆಲದ ಮೇಲಿರುವುದಕ್ಕಿಂತ ಹಲವು ಪಟ್ಟು, ಸುತ್ತ ಅದೇ ನಾಲ್ಕಾರು ಮುಖ. ಅಂಟಾರ್ಕ್ಟಿಕಾದ ಒಂದು ನೆಲೆಯಲ್ಲಿ 14 ತಿಂಗಳು ಕಳೆದ ಒಂಬತ್ತು ಜನರಲ್ಲಿ ಹಿಪೊಕ್ಯಾಂಪಸಿನ ಒಂದು ಭಾಗ ಕುಗ್ಗಿದ್ದನ್ನು 2019ರಲ್ಲಿ ವರದಿ ಮಾಡಿದರು. ಅಲ್ಲಿ ಗುರುತ್ವಕ್ಕೆ ಕೊರತೆ ಇರಲಿಲ್ಲ, ಜನರ ಒಡನಾಟಕ್ಕೆ ಇತ್ತು.

ನಮ್ಮ ಗಗನಯಾನದ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಿ. ಮೂವರು, 400 ಕಿ.ಮೀ. ಕಕ್ಷೆ, ಮೂರು ದಿನ. ಅಂದರೆ ಮೆದುಳು ಅತಿ ಹೆಚ್ಚು ಗೊಂದಲದಲ್ಲಿರುವ ದಿನಗಳಷ್ಟೇ ನಮ್ಮವರಿಗೆ ಸಿಗುವುದು. ಹೊಂದಿಕೊಂಡೆವು ಅನ್ನುವಾಗ ಇಳಿಯುವ ಹೊತ್ತಾಗಿರುತ್ತದೆ. ಕಕ್ಷೆಗೆ ಹೋಗಿ ಕಲಿಯೋಣ ಎನ್ನಲು ಅಲ್ಲಿ ಬಿಡುವಿಲ್ಲ. ಯಾವ ಗುಂಡಿ, ಯಾವ ಕ್ರಮ ಎಂಬುದೆಲ್ಲ ಬೆಂಗಳೂರಿನ ತರಬೇತಿ ಕೇಂದ್ರದಲ್ಲೇ ಯೋಚಿಸದೆ ಕೈ ಮಾಡುವಷ್ಟು ರೂಢಿಯಾಗಬೇಕು. ಕಣ್ಣಿಗೂ ಕೆಲಸ ಹಗುರವಾಗಬೇಕು. ಶುಕ್ಲಾ ಅವರ ಯಾನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಪ್ರಯೋಗ ಇದಕ್ಕೇ ಹೋಗಿತ್ತು. ತೂಕವಿಲ್ಲದಾಗ ಕಂಪ್ಯೂಟರ್ ಪರದೆಯ ಮೇಲೆ ನೋಟ ಹೇಗೆ ನೆಲೆ ನಿಲ್ಲುತ್ತದೆ, ಬೆರಳು ಗುರಿಯನ್ನು ಹೇಗೆ ಮುಟ್ಟುತ್ತದೆ, ಮನಸ್ಸಿಗೆ ಎಷ್ಟು ಒತ್ತಡವಾಗುತ್ತದೆ ಎಂದು ಅಳೆಯುವ ಕೆಲಸ ಅದು.

ಇಳಿಯುವುದು ಸಮುದ್ರಕ್ಕೆ. ಮೂರು ದಿನ ಸುಮ್ಮನಿದ್ದ ಕಿವಿಯ ಹರಳಿಗೆ ತೂಕವೂ ಅಲೆಯ ಓಲಾಟವೂ ಒಮ್ಮೆಗೇ ಬಂದು ಬೀಳುತ್ತವೆ. ಆ ಹೊತ್ತಿನಲ್ಲಿ ಗಗನಯಾತ್ರಿಗಳಿಂದ ಹೆಚ್ಚಿನ ಕೆಲಸ ನಿರೀಕ್ಷಿಸುವಂತಿಲ್ಲ. ಅವರನ್ನು ಬೇಗ ಹೊರತೆಗೆಯಬೇಕಾದ ನೌಕಾಪಡೆಯ ತಂಡಗಳಿಗೆ ಕೊಚ್ಚಿಯಲ್ಲಿ, ಕೃತಕ ಅಲೆ ಎಬ್ಬಿಸುವ ಕೊಳದಲ್ಲಿ, 2023ರಿಂದಲೇ ತರಬೇತಿ ನಡೆದಿದೆ.