ನ್ಯಾಯಸ್ಥಾನದ ವಾರ್ತೆಯೂ ವ್ಯವಹಾರಪಾದಗಳೂ

ಪತ್ರಿಕಾಲಯಗಳಲ್ಲಿ ಒಬ್ಬೊಬ್ಬ ವರದಿಗಾರನಿಗೆ ಒಂದೊಂದು ಕ್ಷೇತ್ರವನ್ನು ವಹಿಸಿಕೊಡುವ ಪದ್ಧತಿಯುಂಟು. ನಗರಸಭೆ, ಆಸ್ಪತ್ರೆ, ಪೊಲೀಸು ಠಾಣೆ, ನ್ಯಾಯಸ್ಥಾನ ಎಂದು ಹೀಗೆ ವಿಂಗಡಿಸಿದ ಕ್ಷೇತ್ರವನ್ನು ಅಲ್ಲಿಯವರು 'ಬೀಟ್' ಎಂದು ಕರೆಯುವರು. ಪೊಲೀಸಿನವನ ಗಸ್ತಿಗೂ ಇದೇ ಹೆಸರಿರುವುದು ಉಚಿತವೇ ಆಗಿದೆ. ಸುದ್ದಿಯಿರಲಿ ಇಲ್ಲದಿರಲಿ, ದಿನದಿನವೂ ಅದೇ ದಾರಿಯನ್ನು ಸುತ್ತಿ ಬರುವುದು ಎರಡಕ್ಕೂ ಲಕ್ಷಣ. ಈ ಕ್ಷೇತ್ರಗಳಲ್ಲಿ ನ್ಯಾಯಸ್ಥಾನವು ಭಾಷೆಯ ದೃಷ್ಟಿಯಿಂದ ಅತ್ಯಂತ ಕಠಿನವಾದುದು. ಅಲ್ಲಿ ಒಂದು ಶಬ್ದವು ತಪ್ಪಿದರೆ ಒಬ್ಬ ಮನುಷ್ಯನ ಮಾನವೇ ಹೋಗುವುದು.

ಹೊಸಬನಾದ ವರದಿಗಾರನು ಮೊದಲು ಕಲಿಯಬೇಕಾದುದು ವ್ಯಾಜ್ಯದ ಕ್ರಮವನ್ನು. ಕಾಯಿದೆಗಳ ಕಂಠಪಾಠವು ಆಮೇಲಿನ ಮಾತು. ಈ ಕ್ರಮವನ್ನು ವಿಶದವಾಗಿ ನಿರೂಪಿಸಿದ ಗ್ರಂಥವೊಂದು ಕರ್ಣಾಟಕದಲ್ಲಿಯೇ ಹುಟ್ಟಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಹೇಳಿದೆ: ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ. ವಾದಿಯು ಹೇಳಿದುದು ಭಾಷೆ, ಪ್ರತಿವಾದಿಯ ಮರುಮಾತು ಉತ್ತರ, ಲೇಖ್ಯ, ಭುಕ್ತಿ, ಸಾಕ್ಷಿಗಳಿಂದ ಸಾಧಿಸುವುದು ಕ್ರಿಯೆ, ನಿರ್ಣಯವು ಸಾಧ್ಯಸಿದ್ಧಿ. ಇಂದಿನ ದಾವೆಯ ಅರ್ಜಿ, ಪ್ರತಿವಾದಿಯ ಲಿಖಿತ ಹೇಳಿಕೆ, ಸಾಕ್ಷ್ಯ, ತೀರ್ಪು ಎಂಬಿವು ಇದೇ ಅನುಕ್ರಮದಲ್ಲಿ ನಡೆಯುತ್ತವೆ. ಉತ್ತರದ ಪ್ರಭೇದಗಳಂತೂ ಇನ್ನೂ ಸ್ವಾರಸ್ಯವಾಗಿವೆ. ಒಪ್ಪಿಕೊಳ್ಳುವುದು, ಅಲ್ಲಗಳೆಯುವುದು, ಒಪ್ಪಿಯೂ ಬೇರೆ ಕಾರಣವನ್ನು ಮುಂದಿಡುವುದು, ಇದು ಹಿಂದೆಯೇ ತೀರ್ಮಾನವಾಗಿದೆಯೆಂಬುದು, ಹೀಗೆ ನಾಲ್ಕು. 'ಸಾಲ ಪಡೆದಿಲ್ಲ' ಎಂಬ ಉತ್ತರಕ್ಕೂ 'ಪಡೆದೆನು, ತೀರಿಸಿದೆನು' ಎಂಬ ಉತ್ತರಕ್ಕೂ ಇರುವ ಅಂತರವನ್ನು ಕಾಣದೆ, ಎರಡನ್ನೂ 'ಆರೋಪವನ್ನು ನಿರಾಕರಿಸಿದರು' ಎಂಬ ಒಂದೇ ವಾಕ್ಯದಲ್ಲಿ ಮುಚ್ಚುವ ವರದಿಯು ವಾಚಕನಿಗೆ ಏನನ್ನೂ ತಿಳಿಸುವುದಿಲ್ಲ. ಎರಡನೆಯದರಲ್ಲಿ ಸಾಧಿಸುವ ಹೊರೆಯು ಪ್ರತಿವಾದಿಗೆ ಬಂದಿರುವುದೇ ಅಲ್ಲಿಯ ಸುದ್ದಿ.

ಆದುದರಿಂದ ಪ್ರತಿಯೊಂದು ವರದಿಯೂ ವ್ಯಾಜ್ಯವು ಈ ದಿನ ಯಾವ ಪಾದದಲ್ಲಿ ನಿಂತಿದೆಯೆಂಬುದನ್ನು ಹೇಳಲೇಬೇಕು. ಅರ್ಥಿಯು ನಿವೇದಿಸಿದಂತೆಯೇ ಪ್ರತ್ಯರ್ಥಿಯ ಎದುರಿನಲ್ಲಿ, ವರ್ಷ, ಮಾಸ, ದಿನ, ಹೆಸರುಗಳೊಡನೆ ಬರೆಯಬೇಕೆಂದು ಯಾಜ್ಞವಲ್ಕ್ಯನು ಲೇಖಕನಿಗೆ ವಿಧಿಸಿರುವನಷ್ಟೆ. ವರದಿಗಾರನಿಗೂ ಇದಕ್ಕಿಂತ ಮೇಲಾದ ಸೂತ್ರವು ದೊರೆಯಲಾರದು. 'ನಿವೇದಿಸಿದಂತೆ' ಎಂಬುದನ್ನು ಬಿಟ್ಟು ಬರೆದರೆ ವಾದಿಯ ಭಾಷೆಯೇ ಸಾಧ್ಯಸಿದ್ಧಿಯಾಗಿ ತೋರುವುದು.

ಈ ಗೊಂದಲವು ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಚ್ಚು. ಪ್ರಥಮ ವರ್ತಮಾನ ವರದಿಯು ದೂರಿನ ದಾಖಲೆ ಮಾತ್ರ. ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವುದು ಆರೋಪಪಟ್ಟಿ. ಅದನ್ನು ಪರಿಶೀಲಿಸಿ ನ್ಯಾಯಾಧೀಶರು ಹೊರಿಸುವುದು ದೋಷಾರೋಪಣೆ. ಎರಡರಲ್ಲಿಯೂ 'ಆರೋಪ'ವೇ ಇರುವುದರಿಂದ ಒಂದರ ಸ್ಥಾನದಲ್ಲಿ ಮತ್ತೊಂದು ಅಚ್ಚಾಗುವುದುಂಟು. 'ಆರೋಪಿ' ಎಂಬ ಶಬ್ದವೂ ವಿಚಾರಣೀಯವೇ. ಕೃತ್‌ಪ್ರತ್ಯಯವೆಂದು ಎಣಿಸಿದರೆ ಅದಕ್ಕೆ ಆರೋಪಿಸುವವನೆಂದೇ ಅರ್ಥ. ಮತ್ವರ್ಥದಲ್ಲಿ ಹೇಳಿದರೆ ಮಾತ್ರ ಆರೋಪವುಳ್ಳವನೆಂದಾಗುವುದು. 'ಆರೋಪಿತ'ನೆಂದರೂ ನಿರ್ವಾಹವಿಲ್ಲ, ಆರೋಪಿತವಾದುದು ದೋಷವೇ ಹೊರತು ಮನುಷ್ಯನಲ್ಲ. ರೂಢಿಯು ಬಲವಾದುದರಿಂದ ವೈಯಾಕರಣರು ಇಲ್ಲಿ ಸುಮ್ಮನಿರಬಹುದು. ಆದರೆ ತೀರ್ಪಿಗೆ ಮೊದಲು 'ಅಪರಾಧಿ' ಎಂದು ಬರೆಯುವುದನ್ನು ಯಾವ ರೂಢಿಯೂ ಸಮರ್ಥಿಸಲಾರದು. ಜಾಮೀನು ದೊರೆತುದನ್ನು ಖುಲಾಸೆಯೆಂಬಂತೆ ಬರೆಯುವುದೂ ಅದೇ ಜಾತಿಯ ದೋಷ.

ನ್ಯಾಯಾಧೀಶರು ವಿಚಾರಣೆಯ ನಡುವೆ ಆಡಿದ ಮಾತಿಗೂ ಆಜ್ಞೆಗೂ ಭೇದವಿದೆ. 2021ರ ಏಪ್ರಿಲಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಚುನಾವಣಾ ಆಯೋಗವನ್ನು ಕುರಿತು ಬಾಯಿಮಾತಿನಲ್ಲಿ ಕಟುವಾಗಿ ಆಕ್ಷೇಪಿಸಿತು. ಇಂಥ ಮಾತುಗಳ ಪ್ರಕಟನೆಯನ್ನು ತಡೆಯಬೇಕೆಂದು ಆಯೋಗವು ಸರ್ವೋಚ್ಚ ನ್ಯಾಯಾಲಯವನ್ನು ಕೇಳಿತು. ಆ ಮಾತುಗಳು ಆಜ್ಞೆಯಲ್ಲಿ ಸೇರಿಲ್ಲವಾದುದರಿಂದ ದಾಖಲೆಯ ಭಾಗವಲ್ಲ. ಆದರೂ ತೆರೆದ ನ್ಯಾಯಾಲಯದಲ್ಲಿ ನಡೆದುದನ್ನು ಪತ್ರಿಕೆಗಳು ಬರೆಯುವುದನ್ನು ತಡೆಯಲಾಗದೆಂದು ಆ ವರ್ಷದ ಮೇ ತಿಂಗಳಲ್ಲಿ ತೀರ್ಪಾಯಿತು. ಬರೆಯುವ ಹಕ್ಕು ಉಳಿಯಿತು; ಆಡಿದ ಮಾತನ್ನು ಆಡಿದ ಮಾತೆಂದೇ ಬರೆಯುವ ಹೊಣೆಯೂ ಅದರೊಡನೆ ಉಳಿಯಿತು.

ಈ ಹಕ್ಕಿಗೆ 1971ರ ನ್ಯಾಯಾಲಯ ನಿಂದನಾ ಕಾಯಿದೆಯ 4ನೆಯ ಪ್ರಕರಣವು ಆಧಾರ. ನ್ಯಾಯಕಲಾಪದ, ಅಥವಾ ಅದರ ಯಾವುದೇ ಹಂತದ, ನ್ಯಾಯವೂ ನಿಖರವೂ ಆದ ವರದಿಯು ನಿಂದನೆಯಲ್ಲವೆಂದು ಅದು ಹೇಳುತ್ತದೆ. ಆದರೆ ಹಕ್ಕು ನಿರಂಕುಶವಲ್ಲ. ನ್ಯಾಯಪರಿಪಾಲನೆಗೆ ಅಗತ್ಯವಾದಲ್ಲಿ ಸಾಕ್ಷ್ಯದ ಪ್ರಕಟನೆಯನ್ನು ಉಚ್ಚ ನ್ಯಾಯಾಲಯವು ತಡೆಯಬಹುದೆಂದು 1966ರಲ್ಲಿ ಮಿರಾಜಕರ್ ಪ್ರಕರಣದಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಬಹುಮತದಿಂದ ಹೇಳಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಭಿನ್ನಮತವನ್ನು ಬರೆದರು. 2012ರ ಸಹಾರಾ ಪ್ರಕರಣದಲ್ಲಿ ಇಂಥ ತಡೆಯು ಸ್ವಲ್ಪ ಕಾಲದ ಮುಂದೂಡಿಕೆ ಮಾತ್ರವಾಗಿರಬೇಕೆಂಬ ಮಿತಿಯು ಸ್ಪಷ್ಟವಾಯಿತು. ಅತ್ಯಾಚಾರಕ್ಕೊಳಗಾದವರ ಹೆಸರನ್ನು ಪ್ರಕಟಿಸುವುದು ದಂಡನೀಯ. ಬಾಲಕರ ವಿಷಯದಲ್ಲಿ 2012ರ ಪೋಕ್ಸೋ ಕಾಯಿದೆಯು ಇನ್ನೂ ಮುಂದೆ ಹೋಗಿ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆಗಳನ್ನೂ ಸೂಚಿಸಬಾರದೆಂದು ವಿಧಿಸಿದೆ. ಹೆಸರನ್ನು ಬಿಟ್ಟು ಊರನ್ನೂ ತಂದೆಯ ವೃತ್ತಿಯನ್ನೂ ಬರೆಯುವ ಜಾಣತನವು ಚಿಕ್ಕ ಊರಿನಲ್ಲಿ ಹೆಸರನ್ನೇ ಬರೆದಂತೆ.

ನಿತ್ಯದ ಕೆಲಸವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಬೆಳಗ್ಗೆ ಆ ದಿನದ ಮೊಕದ್ದಮೆಗಳ ಪಟ್ಟಿಯನ್ನು ನೋಡುವುದು, ವಾಯಿದೆಗಳನ್ನು ಗುರುತು ಹಾಕಿಕೊಳ್ಳುವುದು, ಉಭಯಪಕ್ಷದ ವಕೀಲರನ್ನೂ ಮಾತನಾಡಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಆಜ್ಞೆಯ ಪ್ರತಿಯನ್ನು ಓದಿಯೇ ಬರೆಯುವುದು. ಈಗ ಕರ್ಣಾಟಕದ ಉಚ್ಚ ನ್ಯಾಯಾಲಯದ ಕಲಾಪಗಳ ನೇರಪ್ರಸಾರಕ್ಕೆ 2021ರ ನಿಯಮಗಳಿವೆ. ಪಾರ್ಶ್ವದಲ್ಲಿ ಕುಳಿತವನಂತೆ ಮನೆಯಲ್ಲಿದ್ದವನೂ ವಾದವನ್ನು ಕೇಳಬಹುದು. ಅರ್ಜಿ, ಪ್ರಮಾಣಪತ್ರ, ಸಾಕ್ಷ್ಯದ ಕಾಗದಗಳು ಮಾತ್ರ ಆ ಚಿತ್ರದಲ್ಲಿ ಕಾಣುವುದಿಲ್ಲ. ಅವುಗಳಿಗಾಗಿ ವರದಿಗಾರನು ಇಂದಿಗೂ ಕಚೇರಿಯ ಬಾಗಿಲಿಗೆ ಹೋಗಬೇಕಾಗಿದೆ.